ಇಸ್ಪೀಟು ಎಲೆ ತಿನ್ನುವ ವೈರಾಣು

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಸದರಿ ವೈರಾಣುವನ್ನು ತಯಾರಿಸಿದವರು ಇಬ್ಬರು. ಒಬ್ಬರು ಹೆಣ್ಣುಮಕ್ಕಳ ಪ್ರೌಢಶಾಲೆಯಿಂದ ನಿವೃತ್ತರಾದ ಡ್ರಿಲ್ ಟೀಚರ್. ಇನ್ನೊಬ್ಬಳು ನಾನು, ಸರ್ಕಾರಿ ಇಲಾಖೆಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿಯಾಗಿದ್ದು ವಯೋನಿವೃತ್ತಿ ಹೊಂದಿದವಳು. ಇಷ್ಟು ವರ್ಷ ನಾನು ಬರೆದದ್ದೆಲ್ಲ ಬೇರೆಯವರು ಸಹಿ ಮಾಡುವ ಪತ್ರಗಳು. ನನ್ನದೇ ಮಾತನ್ನು ನಾನೇ ಬರೆಯುತ್ತಿರುವುದು ಇದೇ ಮೊದಲಾದ್ದರಿಂದ, ಎಲ್ಲಿ ಆರಂಭಿಸಬೇಕೆಂದು ತೋಚದೆ, ಕೈಗೆ ರೂಢಿಯಿರುವ ರೀತಿಯಲ್ಲೇ ಆರಂಭಿಸಿದ್ದೇನೆ.

ಜೆ.ಪಿ. ನಗರದಲ್ಲಿ ನಮ್ಮ ಮನೆಯ ಹಿಂದಿನ ಪಾರ್ಕಿಗೆ ಅಂಟಿಕೊಂಡಂತೆ ಹಿರಿಯ ನಾಗರಿಕರ ವಾಚನಾಲಯವೊಂದಿದೆ. ಬೆಳಗಿನ ವಾಕಿಂಗ್ ಮುಗಿಸಿದವರು ಅಲ್ಲಿ ಕುಳಿತು ಪತ್ರಿಕೆ ಓದುತ್ತಾರೆ, ಶುಗರ್ ಬಗ್ಗೆ ಪರಸ್ಪರ ಸಲಹೆ ನೀಡುತ್ತಾರೆ, ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಚೆನ್ನಾಗಿರುವುದು ಯಾರ ಅಂಗಡಿಯಲ್ಲಿ ಎಂಬುದನ್ನು ಜಗಳದ ಮಟ್ಟಕ್ಕೆ ಚರ್ಚಿಸುತ್ತಾರೆ. ಅಲ್ಲಿ ದಾನಿಗಳೊಬ್ಬರು ಕೊಟ್ಟ ಒಂದು ಕಂಪ್ಯೂಟರ್ ಇದೆ. ಅದು ಸದಸ್ಯರೆಲ್ಲರ ಉಪಯೋಗಕ್ಕೆ ಎಂದೂ, ಮಧ್ಯಾಹ್ನ ಮೂರರಿಂದ ಐದರವರೆಗೆ ಮಹಿಳಾ ಸದಸ್ಯರಿಗೆ ಮೀಸಲು ಎಂದೂ ಗೋಡೆಯ ಮೇಲೆ ಬರೆದಿದೆ. ವಾಸ್ತವದಲ್ಲಿ ಅದು ಬೆಳಗಿನಿಂದ ಸಂಜೆಯವರೆಗೂ ಕಾರ್ಯದರ್ಶಿಗಳಿಗೆ ಮೀಸಲಾಗಿತ್ತು.

ಕಾರ್ಯದರ್ಶಿಗಳು ನನ್ನಂತೆಯೇ ಸರ್ಕಾರಿ ನೌಕರಿಯವರು. ಬೇರೊಂದು ಇಲಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಈಗಲೂ ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟಿನ ಜೇಬಿನಲ್ಲಿ ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು ಇಟ್ಟುಕೊಂಡೇ ಬರುತ್ತಾರೆ. ಅವರು ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ಕೆಲಸ ಒಂದೇ, ಒಬ್ಬರೇ ಆಡುವ ಇಸ್ಪೀಟು ಆಟ. ಯಾರಾದರೂ ಹತ್ತಿರ ಬಂದರೆ ಎಲೆಗಳು ಮಾಯವಾಗಿ ಯಾವುದೋ ಹಳೆಯ ವರದಿ ತೆರೆದುಕೊಳ್ಳುತ್ತಿತ್ತು. ನಾವು ಮೂರು ಗಂಟೆಗೆ ಹೋಗಿ ಕುರ್ಚಿಯ ಹಿಂದೆ ನಿಂತರೆ, ಹಿಂದಿರುಗಿಯೂ ನೋಡದೆ, "ಒಂದ್ನಿಮಿಷ ಮೇಡಂ, ಒಂದ್ ರಿಪೋರ್ಟ್ ನೋಡ್ತಿದೀನಿ" ಎನ್ನುತ್ತಿದ್ದರು. ಆ ನಿಮಿಷ ಐದು ಗಂಟೆಗೆ ಮುಗಿಯುತ್ತಿತ್ತು.

ನನ್ನ ಮಟ್ಟಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ನಷ್ಟವಿದ್ದದ್ದು ನನ್ನ ಗೆಳತಿ ಡ್ರಿಲ್ ಟೀಚರ್‌ಗೆ. ಅವರು ಯಾರಿಗೂ ತಿಳಿಯದಂತೆ ಒಂದು ಪದಬಂಧ ರಚಿಸುತ್ತಿದ್ದರು. ಇದರ ಹಿನ್ನೆಲೆಯನ್ನು ಇಲ್ಲಿ ತಿಳಿಸುವುದು ಅಗತ್ಯ. ಅವರ ಸೊಸೆ ಪ್ರತಿ ಭಾನುವಾರ ತಿಂಡಿಯಾದ ಮೇಲೆ ವಾರಪತ್ರಿಕೆಯ ಪದಬಂಧವನ್ನು ಪೆನ್ನಿನಲ್ಲೇ ತುಂಬುವವಳು, ಪೆನ್ಸಿಲ್ ಮುಟ್ಟುವವಳಲ್ಲ. ತುಂಬಿ ಮುಗಿಸಿ, ಇಷ್ಟು ಸಪ್ಪೆ ಪದಬಂಧವನ್ನು ಯಾರು ಮಾಡುತ್ತಾರೋ ಎಂದು ಹೇಳಿ ಪತ್ರಿಕೆಯನ್ನು ಮಡಚಿಡುವುದು ಅವಳ ಪದ್ಧತಿ. ನನ್ನ ಗೆಳತಿಗೆ ಇದ್ದದ್ದು ಒಂದೇ ಆಸೆ. ತಾವು ಮಾಡಿದ ಪದಬಂಧವನ್ನು ಸೊಸೆ ತಿಳಿಯದೆ ತುಂಬಬೇಕು, ಎಲ್ಲಾದರೂ ಒಂದು ಕಡೆ ಅವಳ ಪೆನ್ನು ನಿಲ್ಲಬೇಕು, ಆಮೇಲೆ ಅವಳ ಕಣ್ಣು ಕೆಳಗೆ ಅಚ್ಚಾಗಿರುವ ಹೆಸರಿನ ಮೇಲೆ ಬೀಳಬೇಕು.

ಅವರು ಕೈಯಲ್ಲಿ ಬರೆದು ಕಳುಹಿಸಿದ್ದನ್ನು ನೋಡಿ ಪತ್ರಿಕೆಯವರು ಫೋನು ಮಾಡಿದ್ದರು. ಸಂಕ್ರಾಂತಿ ವಿಶೇಷಾಂಕಕ್ಕೆ ಬಳಸಬಹುದು, ಸುಳಿವುಗಳಲ್ಲಿ ಕೆಲವನ್ನು ಬದಲಿಸಿ, ಟೈಪು ಮಾಡಿ ಶನಿವಾರದೊಳಗೆ ಕಳುಹಿಸಿ ಎಂದಿದ್ದರು. ಮನೆಯ ಲ್ಯಾಪ್‌ಟಾಪಿನಲ್ಲಿ ಮಾಡಿದರೆ ಸೊಸೆಗೆ ಗೊತ್ತಾಗುತ್ತದೆ. ನನ್ನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಆದ್ದರಿಂದ ಕಾರ್ಯದರ್ಶಿಗಳು ಮನೆಗೆ ಊಟಕ್ಕೆ ಹೋಗುವ ಹೊತ್ತಿನಲ್ಲಿ ಗೆಳತಿ ಬಂದು, ಚೌಕಗಳನ್ನು ಎಳೆಯುತ್ತಾ, ಸುಳಿವುಗಳನ್ನು ನೇರವಾಗಿ ಯಂತ್ರದಲ್ಲೇ ತಿದ್ದುತ್ತಾ ಬಂದಿದ್ದರು. ಬರೆದ ಕರಡು ಕಾಗದಗಳನ್ನು ಸೊಸೆಯ ಕೈಗೆ ಸಿಕ್ಕದಿರಲೆಂದು ಹರಿದುಹಾಕಿದ್ದರು. ಊಟದ ಹೊತ್ತು ಸಾಲುತ್ತಿರಲಿಲ್ಲ. ಶನಿವಾರ ಹತ್ತಿರ ಬರುತ್ತಿತ್ತು.

ಆಗ ಗೆಳತಿ ಹೇಳಿದ ಮಾತು: "ಇವತ್ತೊಂದ್ ಊಟದ ಹೊತ್ತು ಹೋದ್ರೆ ಹೋಗ್ಲಿ ಕಣ್ರೀ. ಅವರನ್ನ ಆ ಕುರ್ಚಿಯಿಂದ ಓಡಿಸಿಬಿಡೋಣ, ನಾಳೆಯಿಂದ ಮಧ್ಯಾಹ್ನ ಎಲ್ಲಾ ನಮ್ದೇ."

ನಮ್ಮಿಬ್ಬರಿಗೂ ಕಂಪ್ಯೂಟರಿನಲ್ಲಿ ಬರುತ್ತಿದ್ದ ವಿದ್ಯೆ ಒಂದೇ. ಹಿಂದೆ ವಾಚನಾಲಯದಲ್ಲಿ ಮಹಿಳೆಯರಿಗಾಗಿ ನಡೆದ ತರಗತಿಯಲ್ಲಿ ಗಣೇಶನ ಹಬ್ಬದ ಶುಭಾಶಯದ ಸ್ಲೈಡು ಮಾಡುವುದನ್ನು ಕಲಿಸಿದ್ದರು. ಅಕ್ಷರಗಳು ಒಂದೊಂದಾಗಿ ನಡೆದುಕೊಂಡು ಬಂದು ಸಾಲಾಗಿ ನಿಲ್ಲುವಂತೆ, ಬರುವಾಗ ಹಳೆಯ ಟೈಪ್‌ರೈಟರಿನ ಶಬ್ದ ಮಾಡುವಂತೆ ಮಾಡಬಹುದಿತ್ತು. ಗಣೇಶನಿಗೆ ಕಲಿತ ಈ ವಿದ್ಯೆಯನ್ನು ವೈರಾಣುವಿಗೆ ಬಳಸಲು ನಿರ್ಧರಿಸಲಾಯಿತು. ಪರದೆ ಪೂರ್ತಿ ಕಪ್ಪು, ಅದರ ಮೇಲೆ ಹಸಿರು ಅಕ್ಷರ, ಮುಗಿದ ಮೇಲೆ ಮತ್ತೆ ಮೊದಲಿನಿಂದ. ಮೌಸಿನಲ್ಲಿ ಎಷ್ಟು ಒತ್ತಿದರೂ ಹೋಗುವುದಿಲ್ಲ. ಕೀಬೋರ್ಡಿನ ಎಡ ಮೂಲೆಯ ಎಸ್ಕೇಪ್ ಗುಂಡಿಯನ್ನು ಒತ್ತಿದರೆ ಮಾತ್ರ ಹೋಗುತ್ತದೆ. ಯಂತ್ರಕ್ಕೆ ಕೂದಲಿನಷ್ಟೂ ಅಪಾಯವಿಲ್ಲ. ಆ ಗುಂಡಿಯನ್ನು ಕಾರ್ಯದರ್ಶಿಗಳು ಎಂದೂ ಮುಟ್ಟಿದವರಲ್ಲ, ಅವರ ಆಟಕ್ಕೆ ಅದರ ಅವಶ್ಯಕತೆಯೇ ಇರಲಿಲ್ಲ.

ಗೆಳತಿಗೆ ತಲೆಬುರುಡೆಯ ಚಿತ್ರ ಬೇಕಾಗಿತ್ತು. ನಾನು ಒಪ್ಪಲಿಲ್ಲ. ತಲೆಬುರುಡೆ ನೋಡಿ ಹೆದರುವವರು ಬೇರೆ, ಇವರು ಹೆದರುವುದು ಬೇರೆಯದಕ್ಕೆ ಎಂದು ಹೇಳಿ, ಕೈಚೀಲದಿಂದ ಒಂದು ಹಾಳೆ ತೆಗೆದು ಈ ಕೆಳಕಂಡಂತೆ ಬರೆದುಕೊಟ್ಟೆ:

"ಈ ಗಣಕಯಂತ್ರದೊಳಗೆ ಒಂದು ವೈರಾಣು ಪ್ರವೇಶಿಸಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ವೈರಾಣುವು ಇಸ್ಪೀಟು ಎಲೆಗಳನ್ನು ಮಾತ್ರ ಭಕ್ಷಿಸುವ ಜಾತಿಗೆ ಸೇರಿದ್ದು, ಈಗಾಗಲೇ ಆಟೀನ್ ರಾಣಿಯನ್ನೂ ಕಳಾವರ್ ಗುಲಾಮನನ್ನೂ ಭಕ್ಷಿಸಿರುತ್ತದೆ. ಎಲೆಗಳನ್ನು ತೆರೆದಿಟ್ಟವರು ಯಾರು ಮತ್ತು ಏಕೆ ಎಂಬ ಬಗ್ಗೆ ಕೂಡಲೇ ಲಿಖಿತ ಸಮಜಾಯಿಷಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು."

ಗೆಳತಿ ಟೈಪು ಮಾಡುತ್ತಾ ಮಾಡುತ್ತಾ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಆಟದ ಚಿಹ್ನೆಯನ್ನು ಪರದೆಯಿಂದ ತೆಗೆದು ಬೇರೆ ಕಡೆ ಬಚ್ಚಿಟ್ಟು, ಅದೇ ಜಾಗದಲ್ಲಿ, ಅದೇ ಎಲೆಗಳ ಚಿತ್ರ ಹಚ್ಚಿ ನಮ್ಮ ಸ್ಲೈಡನ್ನು ಇಟ್ಟೆವು. ಒಂದು ಸಲ ಪರೀಕ್ಷಿಸಿ ನೋಡಿದೆವು. ಟಕಟಕ ಟಕಟಕ ಎಂದು ಅಕ್ಷರಗಳು ಬಂದು ನಿಂತದ್ದನ್ನು ಕಂಡು, ಬರೆದವಳು ನಾನೇ ಆದರೂ, ಬೆನ್ನು ನೇರವಾಯಿತು. ಆ ಶಬ್ದಕ್ಕೆ ನಮ್ಮ ಕಾಲದವರ ಮೈಯಲ್ಲಿ ಇನ್ನೂ ಒಂದು ಮರ್ಯಾದೆ ಉಳಿದಿದೆ.

ನಮ್ಮ ಅಂದಾಜು ಇಷ್ಟೇ ಇತ್ತು. ಅವರು ಗಾಬರಿಯಾಗಿ ಎದ್ದು ಹೋಗುತ್ತಾರೆ, ನಾವು ಮೂರು ಗಂಟೆಗೆ ಹೋಗಿ ಎಸ್ಕೇಪ್ ಒತ್ತಿ ಕುಳಿತುಕೊಳ್ಳುತ್ತೇವೆ.

ಮರುದಿನ ಮೂರು ಗಂಟೆಗೆ ಹೋದಾಗ ಕಂಪ್ಯೂಟರಿಗೆ ಹಳೆಯ ಪರದೆ ಬಟ್ಟೆಯೊಂದನ್ನು ಸುತ್ತಿ, ಟ್ವೈನ್ ದಾರದಲ್ಲಿ ಕಟ್ಟಿ, ಗಂಟಿನ ಮೇಲೆ ಕಾಗದ ಅಂಟಿಸಿ ಸಹಿ ಮಾಡಲಾಗಿತ್ತು. ಪ್ಲಗ್ಗಿಗೂ ಒಂದು ಚೀಟಿ, ಅದರ ಮೇಲೂ ಸಹಿ. ನಾವು ಮರೆತಿದ್ದ ಸಂಗತಿ ಇದು. ನಮ್ಮ ನೌಕರಿಯಲ್ಲಿ ಬೆಳೆದವರು ಏನಾದರೂ ಅನಾಹುತವಾದರೆ ಓಡಿಹೋಗುವುದಿಲ್ಲ. ಮೊದಲು ಸೀಲು ಹಾಕುತ್ತಾರೆ, ಆಮೇಲೆ ಮಹಜರು ಮಾಡುತ್ತಾರೆ. ಮಹಜರು ಎಂದರೆ ಇದ್ದದ್ದನ್ನು ಇದ್ದಂತೆ ಬರೆದು, ನೋಡಿದವರ ಸಹಿ ಪಡೆಯುವುದು. ಕಾರ್ಯದರ್ಶಿಗಳು ಅದನ್ನೂ ಬರೆದು ಮುಗಿಸಿದ್ದರು. ಸಾಕ್ಷಿಯ ಜಾಗ ಖಾಲಿ ಇತ್ತು.

"ಬನ್ನಿ ಮೇಡಂ, ಸರಿಯಾದ ಟೈಮಿಗೆ ಬಂದ್ರಿ. ನೀವು ಸರ್ವಿಸ್‌ನಲ್ಲಿದ್ದೋರು, ನಿಮ್ಮ ಸಹಿಗೊಂದು ತೂಕ ಇದೆ," ಎಂದು ಪೆನ್ನು ಕೈಗೆ ಕೊಟ್ಟರು.

ನಾನು ಮಹಜರನ್ನು ಪೂರ್ತಿ ಓದಿದೆ. ಓದದೆ ಸಹಿ ಮಾಡುವ ಅಭ್ಯಾಸ ನನಗಿಲ್ಲ. ಅಪರಿಚಿತ ವೈರಾಣುವೊಂದು ವಾಚನಾಲಯದ ಆಸ್ತಿಯೊಳಗೆ ಅತಿಕ್ರಮ ಪ್ರವೇಶ ಮಾಡಿ ನೋಟಿಸು ಜಾರಿ ಮಾಡಿದೆ ಎಂದು ಬರೆದಿತ್ತು. ನೋಟಿಸಿನಲ್ಲಿ ಏನಿತ್ತು ಎಂಬ ಭಾಗವನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದರು. ಬರೆದದ್ದರಲ್ಲಿ ಸುಳ್ಳೇನೂ ಇಲ್ಲದ್ದರಿಂದ ಸಹಿ ಮಾಡಿದೆ. ನನ್ನ ವೈರಾಣುವಿಗೆ ನಾನೇ ಸಾಕ್ಷಿಯಾದೆ. ಗೆಳತಿ ನೀರು ಕುಡಿಯುವ ನೆಪದಲ್ಲಿ ವರಾಂಡಕ್ಕೆ ಹೋದರು, ಸ್ವಲ್ಪ ಹೊತ್ತು ಬರಲೇ ಇಲ್ಲ.

ನಗು ನಿಂತದ್ದು ಅಧ್ಯಕ್ಷರು ಬಂದ ಮೇಲೆ. ಅಧ್ಯಕ್ಷರು ನಿವೃತ್ತ ಪಶುವೈದ್ಯರು. ವೈರಸ್ ವಿಷಯದಲ್ಲಿ ಅವರ ಮಾತೇ ಅಂತಿಮ ಎಂದು ಎಲ್ಲರೂ ಭಾವಿಸಿದ್ದರು, ಅವರೂ ಭಾವಿಸಿದ್ದರು. ಕಟ್ಟಿದ ಯಂತ್ರದ ಸುತ್ತ ಒಂದು ಸುತ್ತು ಬಂದು, ಸೋಂಕು ತಗುಲಿದ್ದನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಅಪಾಯ ಎಂದರು. ತಮ್ಮ ಪರಿಚಯದ ಅಂಗಡಿಯವನೊಬ್ಬ ಹಳೆಯ ಕಂಪ್ಯೂಟರ್ ತೆಗೆದುಕೊಂಡು ಬೇರೆಯದು ಕೊಡುತ್ತಾನೆ, ಶನಿವಾರ ಬೆಳಿಗ್ಗೆ ಬಂದು ಒಯ್ಯುತ್ತಾನೆ ಎಂದೂ ತಿಳಿಸಿದರು.

"ಒಳಗಿರೋದು ಏನಾಗತ್ತೆ ಸಾರ್?" ಎಂದು ಗೆಳತಿ ಕೇಳಿದರು.

"ಎಲ್ಲಾ ಸುಟ್ಟುಬಿಡ್ತಾನೆ. ಅಂದ್ರೆ ಅಳಿಸಿಬಿಡ್ತಾನೆ."

ಆ ಸಂಜೆ ಗೆಳತಿ ಪಾರ್ಕಿನ ಬೆಂಚಿನ ಮೇಲೆ, ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವವರಂತೆ ಬೆನ್ನು ನೇರ ಮಾಡಿ ಕುಳಿತಿದ್ದರು. ಸುಳಿವುಗಳು ನೆನಪಿವೆಯೇ ಎಂದು ವಿಚಾರಿಸಿದೆ. ಅರ್ಧ ನೆನಪಿದೆ, ಒಳ್ಳೆಯ ಅರ್ಧವೇ ಮರೆತಿದೆ ಎಂದರು. ಹೋಗಿ ನಿಜ ಹೇಳಿಬಿಡೋಣವೇ ಎಂದೆ. ಹೇಳಿದರೆ ಪದಬಂಧದ ವಿಷಯವೂ ಹೊರಬರುತ್ತದೆ, ಅಧ್ಯಕ್ಷರ ಹೆಂಡತಿಗೂ ತಮ್ಮ ಸೊಸೆಗೂ ಒಂದೇ ಯೋಗ ತರಗತಿ, ಕತ್ತಲಾಗುವುದರೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ ಎಂದರು. ಇದೂ ಸರಿಯೇ ಆಗಿತ್ತು. ಸೀಲು ಒಡೆದು ತೆಗೆದುಕೊಳ್ಳೋಣವೆಂದರೆ ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಸಾಕ್ಷಿಯಾಗಿ ಸಹಿ ಮಾಡಿದವಳು ಸೀಲು ಮುಟ್ಟುವುದು ಹೇಗೆ?

ದಾರಿ ತೋರಿಸಿದವರು ಕಾರ್ಯದರ್ಶಿಗಳೇ. ಗುರುವಾರ ಬೆಳಿಗ್ಗೆ ಸಾರಕ್ಕಿಯಿಂದ ಅವರೆಕಾಯಿ ಹೊತ್ತು ಬರುತ್ತಿದ್ದ ನನ್ನನ್ನು ದರ್ಶಿನಿ ಹೋಟೆಲಿನ ಮುಂದೆ ನಿಲ್ಲಿಸಿ, ಕೇಳದೆಯೇ ಒಂದು ಬೈಟು ಕಾಫಿ ಹೇಳಿದರು. ಲೋಟ ಕೈಗೆ ಬರುವವರೆಗೂ ಅವರೆಕಾಯಿಯ ಸೊಗಡಿನ ಬಗ್ಗೆ ಮಾತನಾಡಿದರು. ಆಮೇಲೆ ಧ್ವನಿ ತಗ್ಗಿಸಿದರು.

"ಮೇಡಂ, ಆ ನೋಟಿಸಿಗೆ ಉತ್ತರ ಕೊಡಬೇಕು. ಯಂತ್ರ ಹೋಗ್ಲಿ, ಬರ್ಲಿ. ಉತ್ತರ ಕೊಡದೇ ಬಿಟ್ಟ ನೋಟಿಸು ನನ್ನ ಸರ್ವಿಸ್‌ನಲ್ಲೇ ಇಲ್ಲ. ಎರಡು ರಾತ್ರಿ ನಿದ್ದೆ ಬಂದಿಲ್ಲ."

"ಯಾರಿಗೆ ಕೊಡ್ತೀರಾ ಸಾರ್? ಸಹಿ ಇರಲಿಲ್ವಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನೋಟಿಸನ್ನು ನಾನು ನೋಡಿಲ್ಲವೆಂದೇ ಲೆಕ್ಕ. ಅವರು ಕಾಫಿಯನ್ನು ಆರಿಸುತ್ತಾ, ಸಹಿ ಇಲ್ಲದ ನೋಟಿಸು ಊರ್ಜಿತವಲ್ಲ ಎಂದು ವಾದಿಸಬಹುದು, ಆದರೆ ಅದು ಸಣ್ಣವರು ಮಾಡುವ ವಾದ ಎಂದರು. ತೊಂದರೆ ಎಲ್ಲಿ ಎಂದರೆ, ಉತ್ತರ ಕೊಟ್ಟರೆ ಎಲೆ ಆಡಿದ್ದನ್ನು ಒಪ್ಪಿಕೊಂಡಂತಾಗುತ್ತದೆ. ಒಪ್ಪಿಕೊಂಡಂತೆಯೂ ಇರಬಾರದು, ಅಲ್ಲಗಳೆದಂತೆಯೂ ಇರಬಾರದು, ಅಂಥದ್ದೊಂದು ಉತ್ತರ ಬೇಕು. "ಅದನ್ನ ಬರೆಯೋ ಕೈ ನಿಮ್ದು. ಬರೆದುಕೊಡಿ."

ಪ್ರಶ್ನೆಯನ್ನೂ ಉತ್ತರವನ್ನೂ ಒಂದೇ ಕೈ ಬರೆಯುವುದು ನಮ್ಮ ಕಚೇರಿಗಳಲ್ಲಿ ಅಪರೂಪವೇನಲ್ಲ. ನಾನು ಒಂದು ಷರತ್ತು ಹಾಕಿದೆ. ಉತ್ತರವನ್ನು ಯಂತ್ರದ ಮುಂದೆಯೇ, ಸೀಲು ತೆಗೆಸಿ, ಶುಕ್ರವಾರವೇ ಓದಬೇಕು. ಉತ್ತರ ತಲುಪಿದರೆ ವೈರಾಣು ಹೋದರೂ ಹೋದೀತು, ಆಗ ಒಳ್ಳೆಯ ಯಂತ್ರವನ್ನು ಅಂಗಡಿಯವನಿಗೆ ಕೊಡುವ ಅವಶ್ಯಕತೆ ಬೀಳುವುದಿಲ್ಲ. ಅವರು ನನ್ನನ್ನು ಒಂದು ಕ್ಷಣ ನೋಡಿ, ಆಗಬಹುದು ಎಂದರು. ಆ ನೋಟದ ಅರ್ಥವನ್ನು ಆಗ ನಾನು ಪರಿಶೀಲಿಸಲಿಲ್ಲ.

ಶುಕ್ರವಾರ ಅಧ್ಯಕ್ಷರ ಸಮಕ್ಷಮದಲ್ಲಿ ಬ್ಲೇಡಿನಿಂದ ಸೀಲು ಕತ್ತರಿಸಲಾಯಿತು. ಯಂತ್ರ ಚಾಲೂ ಆಯಿತು. ಹೂವಿನ ಚಿತ್ರ, ಅದರ ಮೇಲೆ ಚಿಹ್ನೆಗಳು, ಎಲ್ಲವೂ ಸೌಮ್ಯವಾಗಿತ್ತು. ಅಧ್ಯಕ್ಷರಿಗೆ ನಿರಾಶೆಯಾದಂತೆ ಕಂಡಿತು. ಕಾರ್ಯದರ್ಶಿಗಳು ಎಲೆಗಳ ಚಿತ್ರವನ್ನು ಎರಡು ಸಲ ಒತ್ತಿದರು. ಪರದೆ ಕಪ್ಪಾಯಿತು, ಟಕಟಕ ಆರಂಭವಾಯಿತು. ರಾಣಿ, ಗುಲಾಮರ ಸಾಲು ಬಂದಾಗ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಕಾರ್ಯದರ್ಶಿಗಳ ಕಡೆ ತಿರುಗಿದರು. ಕಾರ್ಯದರ್ಶಿಗಳು ಆ ಕಡೆ ನೋಡಲಿಲ್ಲ. ಎದ್ದು ನಿಂತು, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು, ನಾನು ಬರೆದುಕೊಟ್ಟಿದ್ದನ್ನು ಪರದೆಗೆ ಓದಿ ಹೇಳಿದರು:

"ನೋಟಿಸಿಗೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ಎಲೆಗಳನ್ನು ಮೌಸ್ ಹಿಡಿಯುವ ಅಭ್ಯಾಸಕ್ಕಾಗಿ ತೆರೆಯಲಾಗಿದ್ದು, ಅಭ್ಯಾಸವು ನಿರೀಕ್ಷೆಗಿಂತ ಹೆಚ್ಚು ಕಾಲ ತೆಗೆದುಕೊಂಡಿರುತ್ತದೆ. ಇನ್ನು ಮುಂದೆ ಗೋಡೆಯ ಮೇಲಿನ ಸೂಚನೆಯಂತೆ ಮೂರರಿಂದ ಐದರವರೆಗೆ ಯಂತ್ರವನ್ನು ಮಹಿಳಾ ಸದಸ್ಯರಿಗೆ ಬಿಟ್ಟುಕೊಡಲಾಗುವುದು. ಆದ್ದರಿಂದ ವಿಷಯವನ್ನು ಮುಕ್ತಾಯಗೊಳಿಸಬೇಕಾಗಿ ಕೋರಿದೆ."

ಓದುವ ಧ್ವನಿಯಲ್ಲಿ ಅಂಥ ಗಾಂಭೀರ್ಯವಿತ್ತೆಂದರೆ, ವೈರಾಣು ನಿಜವಾಗಿದ್ದರೂ ಎದ್ದು ಹೋಗುತ್ತಿತ್ತು. ನಾನು, ಸ್ವೀಕೃತಿ ಪಡೆಯಲು ಮೂಲೆಯ ಗುಂಡಿ ಒತ್ತಿ ನೋಡಿ ಸಾರ್ ಎಂದೆ. ಒತ್ತಿದರು. ಕಪ್ಪು ಹೋಗಿ ಹೂವು ಬಂತು. ಅಧ್ಯಕ್ಷರು, ಕೆಲವು ಸೋಂಕು ಹಾಗೆಯೇ, ಮೂರು ದಿನ ಬಿಟ್ಟರೆ ತಾನಾಗಿಯೇ ಇಳಿಯುತ್ತದೆ ಎಂದು ಹೇಳಿ, ಅಂಗಡಿಯವನಿಗೆ ಬರಬೇಡವೆಂದು ಫೋನು ಮಾಡಲು ಹೊರಗೆ ಹೋದರು. ಗಡಿಯಾರ ಮೂರು ತೋರಿಸುತ್ತಿತ್ತು. ಕಾರ್ಯದರ್ಶಿಗಳು ಕುರ್ಚಿಯನ್ನು ತಾವೇ ಎಳೆದು ಗೆಳತಿಗೆ ತೋರಿಸಿದರು. ಐದಾಗುವ ಮುಂಚೆ ಪದಬಂಧ ಪತ್ರಿಕೆಗೆ ಹೋಯಿತು.

ವಿಷಯ ಅಲ್ಲಿಗೆ ಮುಕ್ತಾಯವಾಯಿತೆಂದೇ ನಾವು ತಿಳಿದಿದ್ದೆವು. ಕೆಲವು ದಿನಗಳ ನಂತರ ನಮ್ಮ ಹೊತ್ತಿನಲ್ಲಿ ಕುಳಿತು ರಂಗೋಲಿ ಚಿತ್ರಗಳನ್ನು ನೋಡೋಣವೆಂದು ಒಂದು ಚಿಹ್ನೆ ಒತ್ತಿದೆ. ಪರದೆ ಕಪ್ಪಾಯಿತು. ಟಕಟಕ ಟಕಟಕ.

"ತಾವು ಸಿದ್ಧಪಡಿಸಿದ ನೋಟಿಸು ಮತ್ತು ಉತ್ತರ ಎರಡನ್ನೂ ಪರಿಶೀಲಿಸಲಾಗಿದೆ. ಮುಂದಿನ ಕ್ರಮ ಎಂದು ಬರೆದು, ಯಾವ ಕ್ರಮವೆಂದು ಬರೆಯದೆ ಬಿಡುವುದು ತಮ್ಮ ಇಲಾಖೆಯವರ ಹಳೆಯ ಚಾಳಿ. ಕಳಾವರ್ ಗುಲಾಮನನ್ನು ಕೂಡಲೇ ಹಿಂದಿರುಗಿಸತಕ್ಕದ್ದು."

ನಮ್ಮ ಬೆನ್ನ ಹಿಂದೆ ಕಾರ್ಯದರ್ಶಿಗಳು ದಿನಪತ್ರಿಕೆಯನ್ನು ಮುಖದ ಮುಂದೆ ಹಿಡಿದು ಕುಳಿತಿದ್ದರು. ಪತ್ರಿಕೆ ಅಲುಗಾಡುತ್ತಿತ್ತು. ಇವರಿಗೆ ಸ್ಲೈಡು ಮಾಡಲು ಕಲಿಸಿದವರು ಯಾರು ಎಂದು ಯೋಚಿಸಿ ಗೆಳತಿಯ ಕಡೆ ನೋಡಿದೆ. ಅವರು ಕಿಟಕಿಯ ಹೊರಗೆ ಅಳಿಲು ನೋಡುತ್ತಿದ್ದರು.

"ಯಾವಾಗ ಗೊತ್ತಾಯ್ತು ಸಾರ್?" ಎಂದು ಕೇಳಿದೆ.

"ಮಹಜರಿಗೆ ನಿಮ್ಮನ್ನೇ ಯಾಕೆ ಸಾಕ್ಷಿ ಮಾಡ್ದೆ ಅಂದ್ಕೊಂಡ್ರಿ?" ಪತ್ರಿಕೆಯ ಹಿಂದಿನಿಂದಲೇ ಬಂತು ಉತ್ತರ.

ಹಾಗಿದ್ದರೆ ನಿದ್ದೆ ಬಾರದ ಎರಡು ರಾತ್ರಿಗಳು? ಅದನ್ನು ಕೇಳಿದೆ. ನೋಟಿಸು ಯಾರು ಬರೆದರೇನು, ಬರೆದದ್ದು ನಿಜವಾಗಿತ್ತಲ್ಲ ಎಂದರು. ಗೆಳತಿಯ ಅಭಿಪ್ರಾಯದಲ್ಲಿ ಇದೆಲ್ಲ ಬುರುಡೆ. ಮೊದಲ ದಿನ ಅವರು ನಿಜವಾಗಿಯೇ ಹೆದರಿದ್ದರು, ದರ್ಶಿನಿಯಲ್ಲಿ ನನ್ನ ನಾಲಿಗೆ ಜಾರಿದಾಗಲೇ ಅವರಿಗೆ ತಿಳಿದದ್ದು. ನನಗೆ ಈವರೆಗೂ ನಿರ್ಧರಿಸಲು ಆಗಿಲ್ಲ. ಗುಲಾಮನನ್ನು ಮಾತ್ರ ಹಿಂದಿರುಗಿಸಿದೆವು, ಅಂದರೆ ಬಚ್ಚಿಟ್ಟಿದ್ದ ಆಟದ ಚಿಹ್ನೆಯನ್ನು ಅದರ ಜಾಗಕ್ಕೆ ತಂದಿಟ್ಟೆವು. ಅವರು ಈಗಲೂ ಆಡುತ್ತಾರೆ, ಮೂರಕ್ಕೆ ಐದು ನಿಮಿಷವಿರುವಾಗ ಏಳುತ್ತಾರೆ.

ಸಂಕ್ರಾಂತಿಯ ವಿಶೇಷಾಂಕ ಬಂದ ಭಾನುವಾರ ನಡೆದದ್ದನ್ನು ಗೆಳತಿ ಹೇಳಿದಂತೆ ಬರೆಯುತ್ತಿದ್ದೇನೆ. ಅವರು ನಡುಮನೆಯಲ್ಲಿ ನೆನೆಸಿದ ಅವರೆಕಾಳಿನ ಸಿಪ್ಪೆ ಹಿತಕಿ ಬೇಳೆ ಮಾಡುತ್ತಾ ಕುಳಿತಿದ್ದರು. ಸೊಸೆ ತಿಂಡಿ ಮುಗಿಸಿ ಪೆನ್ನು ತೆಗೆದಳು. ಮೊದಲ ಸಾಲುಗಳು ಎಂದಿನಂತೆ ಸರಸರನೆ ತುಂಬಿದವು. ಆಮೇಲೆ ಪೆನ್ನು ನಿಂತಿತು. ಅವಳು ಎದ್ದು ಹೋಗಿ ಮಗನ ಪೆನ್ಸಿಲ್ ತಂದಳು. ಈ ಪೆನ್ಸಿಲ್ಲಿನ ವಿಷಯ ಹೇಳುವಾಗ ಗೆಳತಿಯ ಮುಖ ನೋಡಬೇಕಾಗಿತ್ತು. ಒಂದು ಬೋಗುಣಿ ಕಾಳು ಮುಗಿಯುವವರೆಗೂ ಎಡದಿಂದ ಬಲಕ್ಕಿರುವ ಒಂದು ಪದ ಮಾತ್ರ ಸಿಕ್ಕಲಿಲ್ಲ. "ಈ ಸಲ ಯಾರೋ ತಲೆ ಇರೋರು ಮಾಡಿದಾರೆ ಅತ್ತೆ," ಎಂದಳಂತೆ. ಹೇಳಿ, ಯಾರಿರಬಹುದೆಂದು ಪುಟದ ಕೆಳಗೆ ನೋಡಿದಳು.

ಗೆಳತಿ ತಲೆಯೆತ್ತದೆ ಅವರೆ ಹಿತಕುತ್ತಲೇ ಇದ್ದರು. ಸೊಸೆ ಪತ್ರಿಕೆ ಹಿಡಿದುಕೊಂಡು ಬಂದು ಎದುರಿಗೆ ನೆಲದ ಮೇಲೇ ಕುಳಿತು, ಒಂದು ಹಿಡಿ ಕಾಳು ತನ್ನ ಕಡೆ ಎಳೆದುಕೊಂಡಳು.

"ಅದೊಂದು ಪದ ಹೇಳಿಬಿಡಿ ಅತ್ತೆ."

"ಲಿಖಿತವಾಗಿ ಕೇಳು," ಎಂದರಂತೆ ಗೆಳತಿ. "ಪರಿಶೀಲಿಸೋಣ."